ಬೈಕಿನ ಪೆಟ್ರೋಲ್ ಟ್ಯಾಂಕಿನ ಒಳಗಿನ ಹಳೆಯ ಸೀಲರ್ ಪದರವನ್ನು ತೆಗೆಯುವುದು ಹೇಗೆ?

ಅದನ್ನು ಕೆರೆಯುವ ಬದಲು ದ್ರಾವಕದಲ್ಲಿ ನೆನೆಸಿ, ಸಡಿಲವಾದ ಮೇಲೆ ಹೊರಗೆ ಸುರಿಯಬೇಕು. ಸೀಲರ್ ಎಂದರೆ ತುಕ್ಕು, ಸೋರಿಕೆ ತಡೆಯಲು ಟ್ಯಾಂಕಿನ ಒಳಗೆ ಬಳಿಯುವ ಪ್ಲಾಸ್ಟಿಕ್ಕಿನಂಥ ವಸ್ತು; ದ್ರಾವಕ ಒಳಗಿಳಿದಾಗ ಅದು ನೆನೆಹಾಕಿದ ಕಡಲೆಯಂತೆ ಉಬ್ಬುತ್ತದೆ, ಆದರೆ ತಗಡು ಉಬ್ಬುವುದಿಲ್ಲವಾದ್ದರಿಂದ ಎರಡರ ನಡುವಿನ ಹಿಡಿತ ತಪ್ಪಿ ಪದರವು ಹಾಳೆಹಾಳೆಯಾಗಿ ಏಳುತ್ತದೆ. ಎಥೆನಾಲ್ ಬೆರೆತ ಈಗಿನ ಪೆಟ್ರೋಲ್ ಕೆಲವು ಹಳೆಯ ಸೀಲರ್‌ಗಳಿಗೆ ನಿಧಾನವಾಗಿ ಮಾಡುವುದೂ ಇದನ್ನೇ. ಹಾಗೆ ಎದ್ದ ಚೂರುಗಳೇ ಕಾರ್ಬುರೇಟರಿನ ಜೆಟ್ಟನ್ನು, ಅಂದರೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರವನ್ನು, ಮುಚ್ಚಿಬಿಡುತ್ತವೆ.

ಟ್ಯಾಂಕನ್ನು ಬೈಕಿನಿಂದ ಇಳಿಸಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ಬಿಚ್ಚಿ, ಆ ರಂಧ್ರವನ್ನು ಲೋಹದ ತಟ್ಟೆಯಿಂದ ಮುಚ್ಚಿರಿ. ರಬ್ಬರ್ ಬಿರಡೆಯನ್ನು ದ್ರಾವಕ ಕೆಡಿಸಬಹುದು. ಅಸಿಟೋನ್ ಎಂಬ ದ್ರಾವಕ ಹಾಕಿ ರಾತ್ರಿಯಿಡೀ ಬಿಟ್ಟು, ನಡುನಡುವೆ ಟ್ಯಾಂಕನ್ನು ಹೊರಳಿಸಿರಿ. ಒಂದು ಹಿಡಿ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ ಅಲುಗಿಸಿದರೆ ಉಳಿದ ಚೂರುಗಳೂ ಬಿಡುತ್ತವೆ. ಕೊನೆಗೆ ಅಷ್ಟೇ ನಟ್ಟುಗಳು ಹೊರಬಂದುವೇ ಎಂದು ನೋಡಿರಿ. ಹೊರಗಿನ ಬಣ್ಣದ ಮೇಲೆ ಒಂದು ಹನಿಯೂ ಬೀಳಬಾರದು.

ಎಪಾಕ್ಸಿ ಎಂಬ ಗಟ್ಟಿಯಾದ ಅಂಟಿನಂಥ ಸೀಲರಿನ ಪದರ ಅಸಿಟೋನಿಗೆ ಅನೇಕ ಸಲ ಜಗ್ಗುವುದಿಲ್ಲ. ಅದಕ್ಕೆ ಮಿಥಿಲೀನ್ ಕ್ಲೋರೈಡ್ ಇರುವ ಪೇಂಟ್ ರಿಮೂವರ್ ಬೇಕಾಗುತ್ತದೆ. ಮಿಥಿಲೀನ್ ಕ್ಲೋರೈಡ್ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ, ಹುಬ್ಬಳ್ಳಿಯ ಬೇಸಿಗೆ ಮಧ್ಯಾಹ್ನ ಮುಚ್ಚಿದ ಟ್ಯಾಂಕಿನೊಳಗೆ ಅಪಾಯಕರ ಒತ್ತಡ ಉಂಟಾಗುತ್ತದೆ. ಇದರ ಆವಿ ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಎರವಾಗಬಲ್ಲದು. ಆದ್ದರಿಂದ ಈ ಕೆಲಸವನ್ನು ಅನುಭವಿ ಕುಶಲಕರ್ಮಿಗೆ ಒಪ್ಪಿಸುವುದೇ ಸರಿಯೆಂದು ನನ್ನ ದೃಢವಾದ ಅಭಿಪ್ರಾಯ. ಅಸಿಟೋನ್ ಬಳಸುವಾಗಲೂ ಬಯಲಿನಲ್ಲಿ, ಬೆಂಕಿ ಮತ್ತು ಕಿಡಿಯಿಂದ ದೂರವಿರಬೇಕು.

ಪದರ ಹೋದ ತಗಡು ಧಾರವಾಡದ ಮಳೆಗಾಲದ ತೇವಕ್ಕೆ ಬೇಗನೆ ತುಕ್ಕು ಹಿಡಿಯುತ್ತದೆ. ತೊಳೆದು ಪೂರ್ತಿ ಒಣಗಿಸಿದ ಕೂಡಲೇ ಹೊಸ ಸೀಲರ್ ಹಾಕಿರಿ ಅಥವಾ ಒಳಗೆಲ್ಲ ತೆಳುವಾಗಿ ಎಣ್ಣೆ ಸವರಿಡಿ.