ತುಮಕೂರು ಸುತ್ತಮುತ್ತ ಕೆರೆ ದಡದಲ್ಲಿ ಟೆಂಟ್ ಹಾಕಿ ಮೀನು ಹಿಡಿಯೋಕೆ ಎಲ್ಲಿಗೆ ಹೋಗಬಹುದು?

ಎಂಟು ಜನ ಸ್ನೇಹಿತರು, ಶನಿವಾರ ಬೆಂಗಳೂರು ಬಿಟ್ಟು ಭಾನುವಾರ ಸಂಜೆ ವಾಪಸ್, ಯಾರಿಗೂ ಗಾಳ ಹಿಡಿದು ಅಭ್ಯಾಸವಿಲ್ಲ. ಯಾವ ಕೆರೆ, ಪರ್ಮಿಷನ್ ಬೇಕಾ, ಗಾಳಕ್ಕೆ ಏನು ಸಿಕ್ಕಿಸಬೇಕು, ರಾತ್ರಿ ಉಳಿಯೋದು ಕ್ಷೇಮವಾ? ಇದಲ್ವಾ ನಿಮ್ಮ ಪ್ರಶ್ನೆ. ನಾನು ಗುಬ್ಬಿ ತಾಲ್ಲೂಕಿನವನು, ಚಿಕ್ಕಂದಿನಿಂದ ಕೆರೆ ಏರಿ ಮೇಲೆ ಕೂತು ಬೈಸಿಕೊಂಡವನು. ಗೊತ್ತಿರೋದನ್ನ ಹೇಳ್ತೀನಿ.

ಯಾವ ಕೆರೆ ಅನ್ನೋದಕ್ಕಿಂತ ಮುಂಚೆ ಯಾರ ಕೆರೆ ಅಂತ ಕೇಳಿ. ನಮ್ಮ ಕಡೆ ನೀರು ನಿಲ್ಲೋ ಕೆರೆ ಅಂದ್ರೆ ಅದರ ಮೀನನ್ನ ಯಾರೋ ಗುತ್ತಿಗೆ ಹಿಡಿದಿರ್ತಾರೆ ಅಂತಲೇ ತಿಳ್ಕೊಳ್ಳಿ. ದೊಡ್ಡ ಕೆರೆಗಳು ಮೀನುಗಾರಿಕೆ ಇಲಾಖೆ ಕೈಲಿ, ಚಿಕ್ಕವು ಗ್ರಾಮ ಪಂಚಾಯ್ತಿ ಕೈಲಿ. ಅವರಿಂದ ಮೀನುಗಾರರ ಸಹಕಾರ ಸಂಘವೋ, ಟೆಂಡರ್ ಕೂಗಿದವರೋ ತಗೊಂಡಿರ್ತಾರೆ. ಮಳೆ ಬಿದ್ದು ನೀರು ಬಂದ ಮೇಲೆ ದುಡ್ಡು ಕೊಟ್ಟು ಮರಿ ತಂದು ಬಿಡ್ತಾರೆ. ಯಾಕೆ ಪ್ರತಿ ವರ್ಷ ತಂದು ಬಿಡಬೇಕು ಅಂದ್ರೆ ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ಹರಿಯೋ ಹೊಳೆಯಲ್ಲಿ ಮೊಟ್ಟೆ ಇಡೋ ಜಾತಿ. ನಿಂತ ನೀರಿನ ಕೆರೆಯಲ್ಲಿ ಬೆಳೀತಾವೆ, ಆದ್ರೆ ಸಂತಾನ ಆಗಲ್ಲ. ಅಂದ್ರೆ ನಿಮ್ಮ ಗಾಳಕ್ಕೆ ಬಿದ್ದ ಮೂರು ಕೇಜಿ ಕಾಟ್ಲಾ ಕೆರೆಯಲ್ಲಿ ತಾನಾಗೇ ಹುಟ್ಟಿದ್ದಲ್ಲ, ಯಾರೋ ಸಾಲ ಮಾಡಿ ಬಿಟ್ಟಿದ್ದು.

ಇದನ್ನ ನಾನು ಕಲಿತದ್ದು ಮರ್ಯಾದೆ ಕಳ್ಕೊಂಡು. ಮೂರು ವರ್ಷದ ಹಿಂದೆ ಫೆಬ್ರವರಿಯಲ್ಲಿ ಆಫೀಸಿನ ಏಳು ಜನರನ್ನ ಕಟ್ಕೊಂಡು ನಮ್ಮ ಅತ್ತೆ ಊರಿನ ಪಕ್ಕದ ಕೆರೆಗೆ ಹೋಗಿದ್ದೆ. ನಮ್ಮ ಕಡೆ ಕೆರೆ, ನನ್ನನ್ನ ಯಾರು ಕೇಳ್ತಾರೆ ಅನ್ನೋ ಧಿಮಾಕು. ರಾತ್ರಿ ಒಂಬತ್ತೂವರೆ ಹೊತ್ತಿಗೆ ಏರಿ ಕಡೆಯಿಂದ ಎರಡು ಟಾರ್ಚ್, ಒಂದು ನಾಯಿ. ಬಂದವರು ಮೊದಲು ಕೇಳಿದ್ದು, "ಬಲೆ ಎಲ್ಲಿ ಬಚ್ಚಿಟ್ಟಿದ್ದೀರ?" ರಾತ್ರಿ ಬಲೆ ಬಿಟ್ಟು ಮೀನು ಕದಿಯೋರ ಕಾಟ ಅವರಿಗೆ. ಕಾರಿನ ಡಿಕ್ಕಿ ತೆಗೆಸಿ ನೋಡಿದ್ರು. ನಾನು ಅತ್ತೆ ಮನೆ ಹೆಸರು ಹೇಳಿದೆ. ಅದರಲ್ಲಿ ವಯಸ್ಸಾದವರು, "ಯಾರ ಮನೆ ನೆಂಟರಾದ್ರೇನಪ್ಪ, ಮರಿ ಬಿಟ್ಟಿರೋರು ನಾವು" ಅಂದ್ರು. ನನ್ನ ಟೀಮ್ ಲೀಡರ್ ಎದುರಿಗೆ ನಾನು ತಲೆ ತಗ್ಗಿಸಿ ನಿಂತಿದ್ದೆ. ಕೊನೆಗೆ ಟೀ ಕೊಟ್ಟೆವು. ಕುಡಿದು ಗಂಟಲು ಸರಿಮಾಡಿಕೊಂಡು ಅವರೇ ದಾರಿ ಹೇಳಿದ್ರು: "ಜಿಲೇಬಿ ಮೀನು ಎಷ್ಟು ಬೇಕಾದ್ರೂ ಹಿಡ್ಕಳಿ. ಕಾಟ್ಲಾ ಬಿದ್ರೆ ವಾಪಸ್ ಬಿಡಿ, ಇಲ್ಲಾ ತೂಕ ಹಾಕಿ ದುಡ್ಡು ಕೊಡಿ." ಅವತ್ತಿನಿಂದ ಎಲ್ಲಿ ಹೋದ್ರೂ ನನ್ನದು ಇದೇ ಒಪ್ಪಂದ. ಮಧ್ಯಾಹ್ನವೇ ಊರೊಳಗೆ ಹೋಗಿ ಟೀ ಅಂಗಡಿಯಲ್ಲಿ "ಕೆರೆ ಮೀನು ಯಾರು ತಗೊಂಡಿದ್ದಾರಣ್ಣ" ಅಂತ ಕೇಳಿ, ಅವರನ್ನ ಕಂಡು ಮಾತಾಡಿ. ದಡ ಬೇಕಾದ ಹಾಗೆ ಬಳಸೋಕೆ ಬಿಡ್ತಾರೆ.

ಇನ್ನು ಕೆರೆ. ಬುಗುಡನಹಳ್ಳಿ ಕೆರೆ ಬಿಟ್ಟುಬಿಡಿ, ತುಮಕೂರು ನಗರಕ್ಕೆ ಕುಡಿಯೋ ನೀರು ಅಲ್ಲಿಂದ. ದೇವರಾಯನದುರ್ಗದ ಕಾಡೊಳಗೆ ಟೆಂಟ್ ಯೋಚನೆ ಬೇಡ, ಅರಣ್ಯ ಇಲಾಖೆ ಒಂದು ಕಡೆ, ಚಿರತೆ ಕರಡಿ ಇನ್ನೊಂದು ಕಡೆ. ಕುಣಿಗಲ್ ದೊಡ್ಡಕೆರೆ ನೋಡೋಕೆ ಚೆಂದ, ಆದ್ರೆ ಪೇಟೆ ಪಕ್ಕ, ರಾತ್ರಿ ಇರೋಕೆ ಅಲ್ಲ. ಮಾರ್ಕೋನಹಳ್ಳಿ ಎಲ್ಲರ ಬಾಯಲ್ಲೂ ಬರುತ್ತೆ. ಶಿಂಷಾ ನದಿಗೆ ನಾಲ್ವಡಿಯವರ ಕಾಲದಲ್ಲಿ ಕಟ್ಟಿದ್ದು. ಹಗಲಲ್ಲಿ ಹೋಗಿ ಬನ್ನಿ, ಆದ್ರೆ ಅಣೆಕಟ್ಟಿನ ಕೆಳಗೆ ನೀರು ಹರಿಯೋ ಜಾಗದಲ್ಲಿ ಮಾತ್ರ ಇಳೀಬೇಡಿ. ಅಲ್ಲಿರೋದು ಸೈಫನ್. ನೀರು ಒಂದು ಮಟ್ಟ ಮುಟ್ಟಿದ ಕೂಡಲೇ ತಾನೇ ಎಳ್ಕೊಂಡು ಆಚೆ ಸುರಿಯುತ್ತೆ. ಗೇಟು ತೆಗೆಯೋಕೆ ಮನುಷ್ಯ ಬರಬೇಕಾಗಿಲ್ಲ, ಹಾಗಾಗಿ "ಏಯ್ ಮೇಲೆ ಬನ್ರೋ" ಅಂತ ಕೂಗೋರೂ ಇರಲ್ಲ. ಆಟ ಆಡೋಷ್ಟಿದ್ದ ನೀರು ನೋಡ್ತಾ ನೋಡ್ತಾ ಕಾಲು ಕೀಳೋಷ್ಟಾಗುತ್ತೆ.

ನನ್ನನ್ನ ಕೇಳಿದ್ರೆ, ಹೆಸರಿಲ್ಲದ ಊರ ಕೆರೆನೇ ಸರಿ. ನಿಮ್ಮ ಎಂಟು ಜನರಲ್ಲಿ ಒಬ್ಬರಿಗಾದ್ರೂ ಗುಬ್ಬಿ, ತುರುವೇಕೆರೆ, ಕೊರಟಗೆರೆ ಕಡೆ ನೆಂಟರು ಇದ್ದೇ ಇರ್ತಾರೆ. ಕೆರೆ ಪಕ್ಕ ತೋಟ ಇರೋ ಮನೆ ಹುಡುಕಿ. ರಾತ್ರಿ ಟೆಂಟು ಅವರ ಕಣದಲ್ಲಿ, ಹಗಲು ಗಾಳ ಕೆರೆಯಲ್ಲಿ. ನಲ್ಲಿ, ಕಕ್ಕಸು, ಅರ್ಧ ರಾತ್ರಿ ಜ್ವರ ಬಂದ್ರೆ ಒಂದು ಬಾಗಿಲು, ಎಲ್ಲಾ ಇರುತ್ತೆ.

ಇದೊಂದನ್ನ ಮಾತ್ರ ನಿಮ್ಮ ಗುಂಪಲ್ಲಿ ಎಲ್ಲರಿಗೂ ಓದಿ ಹೇಳಿ. ಕೆರೆ ಅಂಗಳದಲ್ಲಿ ಇಟ್ಟಿಗೆಗೆ, ಹೊಲಕ್ಕೆ, ಲೇಔಟಿಗೆ ಅಂತ ಜೆಸಿಬಿಯಲ್ಲಿ ಮಣ್ಣು ಬಗೆದಿರ್ತಾರೆ. ಬೇಸಿಗೆಯಲ್ಲಿ ನೋಡಿದ್ರೆ ಎರಡಾಳು ಆಳದ ಗುಂಡಿಗಳು, ಗೋಡೆ ಕತ್ತರಿಸಿದ ಹಾಗೆ ನೇರ ಅಂಚು. ಕೆರೆ ತುಂಬಿದಾಗ ಎಲ್ಲಾ ಒಂದೇ ಮಟ್ಟ. ಮೊಣಕಾಲುದ್ದ ನೀರಲ್ಲಿ ನಡೀತಿರೋನಿಗೆ ಮುಂದಿನ ಹೆಜ್ಜೆಗೆ ತಳ ಇರಲ್ಲ. ಕಾಲಿಗೆ ಸಿಗೋ ಗೋಡು ಮಣ್ಣು ಹತ್ತೋಕೂ ಬಿಡಲ್ಲ. ನಮ್ಮ ಜಿಲ್ಲೆಯಲ್ಲಿ ಕೆರೆಗೆ ಹೋದ ಹುಡುಗರು ವಾಪಸ್ ಬರಲಿಲ್ಲ ಅನ್ನೋ ಸುದ್ದಿಯಲ್ಲಿ ಈಜು ಬರೋರೂ ಇರ್ತಾರೆ. ಹಾಗಾಗಿ ಗಾಳ ಜೊಂಡಿಗೆ ಸಿಕ್ಕಿಕೊಂಡ್ರೆ ಬಿಡಿಸೋಕೆ ನೀರಿಗೆ ಇಳೀಬೇಡಿ, ದಾರ ಕತ್ತರಿಸಿ. ಕುಡಿದವರು ದಡದಿಂದ ದೂರ. ತೂಬಿನ ಹತ್ತಿರ ಯಾರೂ ಬೇಡ.

ಈಗ ಗಾಳದ ವಿಷಯ, ಬರೆಯೋಕೆ ನನಗೆ ಇಷ್ಟವಾದದ್ದು.

ಆನ್‌ಲೈನಲ್ಲಿ ಐದು ಸಾವಿರದ ರಾಡು ತರಿಸಬೇಡಿ. ಎಂಟು ಹತ್ತು ಅಡಿ ಬಿದಿರು ಕಡ್ಡಿ, ಅಷ್ಟೇ ಉದ್ದದ ನೈಲಾನ್ ದಾರ, ಚಿಕ್ಕ ಗಾಳ, ಅದರ ಮೇಲೆ ಒಂದು ಗೇಣಿಗೆ ಕಡಲೆಕಾಳಷ್ಟು ಸೀಸ, ನೀರ ಮೇಲೆ ತೇಲೋಕೆ ಒಂದು ಬೆಂಡು. ಬೆಂಡಿಗೆ ಹಳೇ ಹವಾಯಿ ಚಪ್ಪಲಿ ಕತ್ತರಿಸಿದ ಚೂರು ಸಾಕು. ಬೆಂಡು ಎಷ್ಟು ಮೇಲೆ ಕಟ್ತೀರ ಅನ್ನೋದ್ರಲ್ಲೇ ಅರ್ಧ ಕೆಲಸ. ಕಾಟ್ಲಾ ಮೇಲ್ಗಡೆ ನೀರಲ್ಲಿ ಮೇಯುತ್ತೆ, ಅದರ ಬಾಯಿ ನೋಡಿ, ಮೇಲಕ್ಕೆ ತಿರುಗಿರುತ್ತೆ. ರೋಹು ನಡು ನೀರಲ್ಲಿ, ಮೃಗಾಲ್ ತಳದಲ್ಲಿ. ಒಬ್ಬರ ಮೇವಿಗೆ ಇನ್ನೊಬ್ಬರು ಬರಲ್ಲ ಅಂತಲೇ ಮೂರನ್ನೂ ಒಟ್ಟಿಗೆ ಬಿಡ್ತಾರೆ.

ನಿಮ್ಮದು ಜಿಲೇಬಿ. ಪುಸ್ತಕದಲ್ಲಿ ತಿಲಾಪಿಯಾ ಅಂತಾರೆ. ಆಫ್ರಿಕಾದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ತಂದಿದ್ದು. ಈಗ ಅದಿಲ್ಲದ ಕೆರೆ ಹುಡುಕಬೇಕು. ಹೆಣ್ಣು ಮೊಟ್ಟೆಯನ್ನ ಬಾಯಲ್ಲೇ ಇಟ್ಕೊಂಡು ಮರಿ ಮಾಡುತ್ತೆ, ಅದಕ್ಕೇ ಅಷ್ಟು ಹುಲುಸು. ನೀರು ತಿಳಿಯಾಗಿದ್ರೆ ದಡದ ಹತ್ತಿರ ಎರಡಡಿ ನೀರೊಳಗೆ ಊಟದ ತಟ್ಟೆ ಅಗಲದ ದುಂಡನೆ ಹಳ್ಳಗಳು ಸಾಲಾಗಿ ಕಾಣ್ತವೆ. ಗಂಡು ಮೀನು ಬಾಯಲ್ಲಿ ಮಣ್ಣು ತೆಗೆದು ತೆಗೆದು ಮಾಡಿದ್ದು. ಅಲ್ಲಿ ಕೂರಿ. ಎರೆಹುಳು ಸಿಕ್ಕಿಸಿ, ಪೂರ್ತಿ ಹುಳ ಬೇಡ, ಬೆರಳ ಗೆಣ್ಣಷ್ಟು ತುಂಡು ಸಾಕು, ಇಲ್ಲಾಂದ್ರೆ ಬಾಲದಿಂದ ಎಳ್ಕೊಂಡು ಹೋಗುತ್ತೆ. ಹುಳ ಮುಟ್ಟೋಕೆ ಹೇಸಿಗೆ ಪಡೋರಿಗೆ ಮೈದಾ ಹಿಟ್ಟು. ಅದಕ್ಕೆ ಚಿಟಿಕೆ ಹತ್ತಿ ಸೇರಿಸಿ ಕಲಸಿ, ನೀರಲ್ಲಿ ಬೇಗ ಬಿಟ್ಕೊಳ್ಳಲ್ಲ. ನಮ್ಮಜ್ಜ ರಾತ್ರಿ ಉಳಿದ ಮುದ್ದೆಗೆ ಕಡಲೆಕಾಯಿ ಹಿಂಡಿ ನಾದಿ ಒಯ್ತಿದ್ದರು. ವಾಸನೆಗೆ ನಮಗೇ ಹಸಿವಾಗ್ತಿತ್ತು.

ಬೆಂಡು ಒಂದು ಸಲ ಕುಣಿದ ತಕ್ಷಣ ಎಳೀಬೇಡಿ, ಎಲ್ಲಾ ಹೊಸಬರ ತಪ್ಪೂ ಅದೇ. ಎರಡು ಸಲ ಕುಟುಕುತ್ತೆ. ಆಮೇಲೆ ಬೆಂಡು ಓರೆಯಾಗಿ ಸರ್ರಂತ ಒಂದು ಕಡೆ ಜಾರುತ್ತೆ. ಆಗ ಮಣಿಕಟ್ಟು ತಿರುಗಿಸಿದ್ರೆ ಸಾಕು. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕೂವರೆ ಮೇಲೆ. ಮಧ್ಯಾಹ್ನ ಮಲಗಿ. ಜಿಲೇಬಿಯ ಬೆನ್ನ ಮೇಲಿನ ರೆಕ್ಕೆ ಮುಳ್ಳು ಚುಚ್ಚುತ್ತೆ, ತಲೆ ಕಡೆಯಿಂದ ಬಾಲದ ಕಡೆಗೆ ಅಂಗೈಯಲ್ಲಿ ಸವರಿ ಮಲಗಿಸಿ ಹಿಡೀಬೇಕು.

ಕತ್ತಲಾದ ಮೇಲೆ ಕಥೆ ಬೇರೆ. ತಳದಲ್ಲಿ ಬಿಟ್ಟ ಎರೆಹುಳಕ್ಕೆ ಚೇಳು ಮೀನು ಬರುತ್ತೆ. ಗೇಣುದ್ದ, ಕಪ್ಪು ಕಂದು, ಹುರುಪೆ ಇಲ್ಲದ ನುಣ್ಣನೆ ಮೈ, ಬಾಯಿ ಸುತ್ತ ನಾಲ್ಕು ಜೊತೆ ಮೀಸೆ. ನೀರಿಂದ ತೆಗೆದು ಬಕೆಟಲ್ಲಿ ಹಾಕಿದ್ರೂ ಎಷ್ಟೋ ಹೊತ್ತು ಬದುಕಿರುತ್ತೆ, ಗಾಳಿ ಉಸಿರಾಡೋ ಚೀಲ ಇದೆ ಅದಕ್ಕೆ. ಅವತ್ತು ಕಾವಲಿನವರು ಟೀ ಕುಡೀತಾ ಕೂತಿದ್ದಾಗಲೇ ನಮ್ಮ ಹುಡುಗನೊಬ್ಬ ಇಂಥದ್ದನ್ನ ಎಳೆದ. ಮೊಬೈಲ್ ಲೈಟಲ್ಲಿ ಖುಷಿಯಿಂದ ಮುಷ್ಟಿಯಲ್ಲಿ ಹಿಡಿದ. ಮರುಕ್ಷಣ ಕೈ ಕೊಡವಿ ಕೂತುಬಿಟ್ಟ. ಕೆನ್ನೆ ಪಕ್ಕದ ಮುಳ್ಳು, ಅದರಲ್ಲಿ ವಿಷ. ಹೆಬ್ಬೆರಳ ಬುಡದಲ್ಲಿ ಗುಂಡುಸೂಜಿ ಚುಚ್ಚಿದಷ್ಟು ಗಾಯ, ಆದ್ರೆ ಹುಡುಗ ಮೊಣಕೈವರೆಗೂ ಉರಿ ಅಂತ ಅಳ್ತಿದ್ದಾನೆ. ನಾವು ಕಾರಿನ ಕೀ ಹುಡುಕ್ತಿದ್ದೀವಿ. ಆ ವಯಸ್ಸಾದವರು ಒಲೆ ಮೇಲಿದ್ದ ನೀರಿಗೆ ತಣ್ಣೀರು ಬೆರೆಸಿ, ತಮ್ಮ ಬೆರಳು ಅದ್ದಿ ನೋಡಿ, ಇವನ ಕೈ ಹಿಡಿದು ಮುಳುಗಿಸಿದ್ರು. ತಡ್ಕೊಳ್ಳೋಷ್ಟು ಬಿಸಿ, ಸುಡೋಷ್ಟಲ್ಲ. ಆರಿದಂಗೆ ಬಿಸಿ ನೀರು ಸೇರಿಸ್ತಾ ಮುಕ್ಕಾಲು ಗಂಟೆ ಕೂತ. ನೋವು ಇಳೀತು. ಬೆಳಿಗ್ಗೆ ಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿದೆವು. ಆಮೇಲೆ ಡಾಕ್ಟರನ್ನ ಕೇಳಿದೆ, ಮೀನಿನ ಮುಳ್ಳಿನ ವಿಷಕ್ಕೆ ಬಿಸಿ ನೀರೇ ಮೊದಲ ಉಪಚಾರ ಅಂದ್ರು. ಊತ ಏರಿದ್ರೆ, ಉಸಿರಾಟ ಕಷ್ಟವಾದ್ರೆ ಕಾಯದೆ ಆಸ್ಪತ್ರೆಗೆ ಹೋಗಿ. ಇಂಥ ಮೀನು ಬಿದ್ರೆ ಕೈ ಹಾಕದೆ ಬಟ್ಟೆ ಸುತ್ತಿ, ಕಟಿಂಗ್ ಪ್ಲೇಯರಲ್ಲಿ ಗಾಳ ಬಿಡಿಸಿ.

ಟೆಂಟಿನ ಬಗ್ಗೆ ಹೆಚ್ಚಿಲ್ಲ. ತೆಂಗಿನ ಮರದ ಕೆಳಗೆ ಹಾಕಬೇಡಿ, ಬೆಂಗಳೂರಿನವರು ನೆರಳು ಅಂತ ಅಲ್ಲೇ ಹಾಕ್ತಾರೆ. ಗರಿ ಬಿದ್ರೇ ಟೆಂಟು ಹರಿಯುತ್ತೆ, ಕಾಯಿ ಬಿದ್ರೆ ತಲೆ. ನೀರಿನ ಅಂಚಿಗೂ ಬೇಡ. ಹೇಮಾವತಿ ನಾಲೆ ಸೇರೋ ಕೆರೆಯಾದ್ರೆ ಮಳೆ ಇಲ್ಲದೆಯೂ ನೀರು ಏರುತ್ತೆ, ಅಂಗಳ ಚಪ್ಪಟೆ ಇರೋದ್ರಿಂದ ನಾಲ್ಕು ಬೆರಳು ಏರಿದ್ರೂ ಮಾರುಗಟ್ಟಲೆ ಒಳಗೆ ಬರುತ್ತೆ. ಜಾಲಿ ಮುಳ್ಳು ಟೆಂಟಿನ ತಳ, ಚಪ್ಪಲಿ, ಟೈರು ಮೂರನ್ನೂ ತೂತು ಮಾಡುತ್ತೆ. ರಾತ್ರಿ ಪಕ್ಕದ ಹೊಲಕ್ಕೆ ಕಾಲಿಡಬೇಡಿ, ಹಂದಿಗೆ ಅಂತ ಬೇಲಿಗೆ ಕರೆಂಟ್ ಬಿಟ್ಟಿರೋರೂ ಇದ್ದಾರೆ. ಸೊಳ್ಳೆಗೆ ತೆಂಗಿನ ಮಟ್ಟೆ ಹೊಗೆ ಹಾಕಿ, ಅಡುಗೆಗೆ ಚಿಪ್ಪಿನ ಉರಿ. ಎರಡನ್ನೂ ತೋಟದವರು ಪುಗಸಟ್ಟೆ ಕೊಡ್ತಾರೆ.

ಊಟದ್ದು ಮೊದಲೇ ಮಾತಾಡ್ಕೊಳ್ಳಿ, ಯಾಕಂದ್ರೆ ನೀವು ಹೋಗ್ತಿರೋದು ಶನಿವಾರ. ನಮ್ಮ ಎಂಟು ಜನರಲ್ಲಿ ಮೂರು ಜನ ಶನಿವಾರ ಮೀನು ಮಾಂಸ ಮುಟ್ಟಲ್ಲ ಅಂತ ಗೊತ್ತಾಗಿದ್ದು ಬುಟ್ಟಿಯಲ್ಲಿ ಇಪ್ಪತ್ತು ಜಿಲೇಬಿ ಬಿದ್ದ ಮೇಲೆ. ಅವರಿಗೆ ಹುಳಿ ಅನ್ನ ಕಟ್ಟಿಸಿಕೊಂಡು ಬಂದಿದ್ದು ಪುಣ್ಯ. ಮೀನನ್ನ ಬೂದಿ ಹಚ್ಚಿ, ಕಲ್ಲಿಗೆ ಉಜ್ಜಿ, ಹುರುಪೆ ತೆಗೆದು ಉಪ್ಪು ಅರಿಶಿನ ಹಾಕಿ ಇಟ್ಟೆವು. ಕೈ ಚುಚ್ಚಿಸಿಕೊಂಡವನು ಮಲಗಲಿಲ್ಲ, ಅವನಿಗೆ ಜೊತೆ ಅಂತ ನಾವೂ ಮಲಗಲಿಲ್ಲ. ಹನ್ನೆರಡು ಹೊಡೀತಿದ್ದಂಗೆ ಒಬ್ಬ, "ಈಗ ಭಾನುವಾರ ಅಲ್ವಾ" ಅಂದ. ಹೊತ್ತು ಹುಟ್ಟೋವರೆಗೂ ಶನಿವಾರವೇ ಅಂತ ಇನ್ನೊಬ್ಬ. ವಾದ ಮುಗಿಯೋ ಮುಂಚೆ ಹುಣಸೆ ಕಿವುಚಿ ಸಾರಿಗೆ ಇಟ್ಟಾಗಿತ್ತು. ಹೊತ್ತು ಹುಟ್ಟಬೇಕು ಅಂದವನೇ ಎರಡನೇ ಸಲ ಬಡಿಸಿಕೊಂಡ. ಕಾವಲಿನವರು ಮುದ್ದೆ ಕಟ್ಟಿಕೊಟ್ರು, ನಮ್ಮ ಕೈಲಿ ಗಂಟು ಗಂಟಾಗಿತ್ತು.

ಸಿಡಿಮದ್ದು, ಕರೆಂಟ್ ಹಾಕಿ ಮೀನು ಹಿಡಿದುಕೊಡ್ತೀವಿ ಅಂತ ಯಾರಾದ್ರೂ ಹತ್ತಿರ ಬಂದ್ರೆ ಎದ್ದು ಬನ್ನಿ. ಸಿಡಿಮದ್ದು ಹಾಕೋದು ಕಾನೂನಿನ ಪ್ರಕಾರ ಅಪರಾಧ, ಮೇಲಾಗಿ ಆ ಕೆರೆಯ ಮರಿಯೆಲ್ಲಾ ಸಾಯುತ್ತೆ. ಹೊರಡುವಾಗ ಬಾಟ್ಲು, ಪ್ಲಾಸ್ಟಿಕ್ ಜೊತೆ ಕತ್ತರಿಸಿದ ನೈಲಾನ್ ದಾರದ ಚೂರನ್ನೂ ಆರಿಸಿಕೊಳ್ಳಿ. ಬೆಳ್ಳಕ್ಕಿ ಕಾಲಿಗೆ ಸುತ್ತಿಕೊಂಡು ಒದ್ದಾಡೋದನ್ನ ನೋಡಿದ್ದೀನಿ. ತಿಂಗಳು ಕೇಳಿದ್ರೆ ಫೆಬ್ರವರಿ, ಮಾರ್ಚ್ ಮೊದಲ ವಾರ. ಚಳಿಯಲ್ಲಿ ಮೀನು ಮಂಕಾಗಿರುತ್ತೆ, ಏಪ್ರಿಲ್ ಆಮೇಲೆ ಬಿಸಿಲಿಗೆ ನೀವು ಮಂಕಾಗ್ತೀರಿ. ಯಾವ ಕಡೆ ನೆಂಟರು ಸಿಕ್ಕಿದ್ರು ಅಂತ ಕೆಳಗೆ ಬರೀರಿ, ಆ ಕಡೆ ಕೆರೆ ನನಗೆ ಗೊತ್ತಿದ್ರೆ ಎಲ್ಲಿ ಗುಂಡಿ ಇದೆ ಅಂತ ಹೇಳ್ತೀನಿ.