ಅಕ್ಕೋರಿಗೆ ವರ್ಗವಾಯಿತು, ಗೈಡ್ಸ್ ನಡೆಸುವವರು ಯಾರು?

ಪ್ರಶ್ನೆ: ನಮ್ಮದು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ. ಮಗಳು ಏಳನೇ ಇಯತ್ತೆ, ಎರಡು ವರ್ಷದಿಂದ ಹುಡುಗಿಯರ ಸ್ಕೌಟ್ ದಳವಾದ ಗೈಡ್ಸ್‌ನಲ್ಲಿದ್ದಾಳೆ. ನಡೆಸುತ್ತಿದ್ದ ಅಕ್ಕೋರಿಗೆ ವರ್ಗವಾದ ಮೇಲೆ ಶನಿವಾರದ ತರಗತಿ ನಿಂತೇ ಹೋಗಿದೆ. ಹೆಡ್‌ಮಾಸ್ತರರನ್ನು ಕೇಳಿದರೆ "ಮ್ಯಾಲಿನವರು ಯಾರನ್ನರೆ ಕಳಸಬೇಕ್ರಿ" ಅನ್ನುತ್ತಾರೆ. ಈ ಮೇಲಿನವರು ಯಾರು? ಅವರಿಗೆ ಸಂಬಳ ಎಲ್ಲಿಂದ? ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೇನೆ, ಶಿಕ್ಷಕಿಯಲ್ಲ. ನಾನೇ ನಡೆಸಲು ಬರುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ ತಂಗಿ: ಬರುತ್ತದೆ. ಗೈಡ್ ಕ್ಯಾಪ್ಟನ್, ಅಂದರೆ ಗೈಡ್ಸ್ ತರಗತಿ ನಡೆಸುವವರು, ಹೆಣ್ಣುಮಗಳೇ ಆಗಿರಬೇಕು, ವಯಸ್ಕಳಾಗಿರಬೇಕು, ತರಬೇತಿ ಪಡೆಯಬೇಕು. ಶಿಕ್ಷಕಿಯೇ ಆಗಿರಬೇಕು ಅಂತ ನಿಯಮವಿಲ್ಲ. ನಮ್ಮ ಕಡೆ ಯೂನಿಟ್‌ಗಳೆಲ್ಲ ಶಾಲೆಯಲ್ಲೇ ಇರುವುದರಿಂದ ಮಾಸ್ತರು, ಅಕ್ಕೋರು ನಡೆಸುವುದು ರೂಢಿಯಾಗಿದೆ, ಅಷ್ಟೇ.

ಇನ್ನು "ಮೇಲಿನವರು". ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸರ್ಕಾರದ ಇಲಾಖೆಯಲ್ಲ. 1950ರ ನವೆಂಬರ್ 7ರಂದು, ಅಲ್ಲಿಯವರೆಗೆ ಬೇರೆಬೇರೆಯಾಗಿದ್ದ ಸ್ಕೌಟ್ ಸಂಘಗಳು ಕೂಡಿ ಆದ ಸ್ವಯಂಸೇವಾ ಸಂಸ್ಥೆ ಇದು. ಮರುವರ್ಷ ಆಗಸ್ಟ್ 15ಕ್ಕೆ ಗೈಡ್ಸ್‌ನವರೂ ಬಂದು ಸೇರಿದರು. ಹಾಗಾಗಿ ಇಲ್ಲಿ ಮಂಜೂರಾದ ಹುದ್ದೆಯಿಲ್ಲ, ವರ್ಗಾವಣೆ ಪಟ್ಟಿಯಿಲ್ಲ. ನಿಮ್ಮ ಊರಿಗೆ ಕಳಿಸಲು ಬೆಂಗಳೂರಿನಲ್ಲಿ ಕ್ಯಾಪ್ಟನ್‌ಗಳು ಸಾಲಾಗಿ ಕುಳಿತಿಲ್ಲ. ಹೆಡ್‌ಮಾಸ್ತರರು ಬಾರದ ಬಸ್ಸಿಗೆ ಕಾಯುತ್ತಿದ್ದಾರೆ.

ಆಡಳಿತ ಎರಡು ದಾರಿಯಲ್ಲಿ ನಡೆಯುತ್ತದೆ. ಒಂದು ಸಭೆಯ ದಾರಿ: ಸ್ಥಳೀಯ ಸಂಸ್ಥೆ, ಜಿಲ್ಲಾ ಸಂಸ್ಥೆ, ರಾಜ್ಯ ಸಂಸ್ಥೆ, ಅದರ ಮೇಲೆ ದೆಹಲಿಯ ರಾಷ್ಟ್ರೀಯ ಕೇಂದ್ರ. ಒಂದೊಂದಕ್ಕೂ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಕಾರ್ಯಕಾರಿ ಸಮಿತಿ. ಹಣ, ಲೆಕ್ಕ, ಠರಾವು ಎಲ್ಲ ಇವರ ಪಾಲು. ಇನ್ನೊಂದು ಸಮವಸ್ತ್ರದ ದಾರಿ: ಜಿಲ್ಲೆಯಲ್ಲಿ ಜಿಲ್ಲಾ ಮುಖ್ಯ ಆಯುಕ್ತರು, ರಾಜ್ಯದಲ್ಲಿ ರಾಜ್ಯ ಮುಖ್ಯ ಆಯುಕ್ತರು. ಮಾಜಿ ಸಚಿವ ಪಿ.ಜಿ.ಆರ್. ಸಿಂಧ್ಯ ಅವರು ಬಹಳ ವರ್ಷ ಕೂತ ಖುರ್ಚಿ ಅದು. ಮಕ್ಕಳಿಗೆ ಏನು ಕಲಿಸಬೇಕು, ಯಾರಿಗೆ ತರಬೇತಿ, ಯಾರಿಗೆ ವಾರಂಟ್ (ನೇಮಕದ ಪತ್ರ) ಅನ್ನುವುದು ಈ ಕಡೆಯ ಕೆಲಸ. ರಾಜ್ಯಪಾಲರು ರಾಜ್ಯ ಸಂಸ್ಥೆಯ ಪೋಷಕರು.

ಸಂಬಳ? ಆಯುಕ್ತರಿಗೆ ಇಲ್ಲ, ಅವೆಲ್ಲ ಗೌರವ ಹುದ್ದೆ. ಸಂಬಳವಿರುವುದು ಕಚೇರಿ ಸಿಬ್ಬಂದಿಗೆ, ಮತ್ತು ಸಂಘಟನಾ ಆಯುಕ್ತರು ಅಂತ ಇರುವ ಬೆರಳೆಣಿಕೆಯ ಜನಕ್ಕೆ. ಶಾಲೆ ಶಾಲೆ ತಿರುಗುವುದು, ಶಿಬಿರ ಗೊತ್ತುಮಾಡುವುದು, ಕಾಗದಪತ್ರ ನೋಡುವುದು ಅವರ ಕೆಲಸ. ನಿಮ್ಮ ಅಕ್ಕೋರಿಗೆ ಬರುತ್ತಿದ್ದುದು ಪಾಠ ಹೇಳುವುದರ ಪಗಾರ. ಶಿಬಿರಕ್ಕೆ ಹೋದರೆ ಒಒಡಿ, ಅಂದರೆ ಶಾಲೆಯ ಕೆಲಸದ ಮೇಲೇ ಹೋದ ಲೆಕ್ಕ, ಸಿಕ್ಕೀತು. ಶನಿವಾರ ಅವರು ಊದಿದ ಸೀಟಿ ಪುಕ್ಕಟೆ.

ಇಷ್ಟು ದೊಡ್ಡ ಮನೆ ನಿಂತಿರುವುದು ಆ ಪುಕ್ಕಟೆ ಸೀಟಿಯ ಮೇಲೆ. ಇದರ ದೋಷವೂ ಅದೇ. ನಾನು ಸ್ಕೌಟ್ ಮಾಸ್ಟರ್ ಆಗಿದ್ದ ಒಂದು ಶಾಲೆಯಿಂದ ವರ್ಗವಾಗಿ ಬಂದು, ಮೂರು ವರ್ಷ ಬಿಟ್ಟು ಹೋಗಿ ನೋಡಿದೆ. ಟ್ರಂಕಿನಲ್ಲಿದ್ದ ಹಗ್ಗಗಳನ್ನು ಇಲಿ ಕಡಿದಿತ್ತು. ಧ್ವಜದ ಬಟ್ಟೆ ಮೇಜು ಒರೆಸಲು ಹೋಗಿತ್ತು. ತಪ್ಪು ಆ ಶಾಲೆಯವರದಷ್ಟೇ ಅಲ್ಲ. ನಾನಿದ್ದಾಗ ಗ್ರೂಪ್ ಕಮಿಟಿ ಅಂದರೆ ಕಾಗದದ ಮೇಲಿನ ಐದು ಸಹಿ. ಎಲ್ಲಾ ನಾನೊಬ್ಬನೇ ಮಾಡುತ್ತೇನೆ ಅನ್ನುವ ಸೊಕ್ಕು ನನ್ನದು. ಪಾಲಕರು, ಶಾಲೆಯವರು, ಊರಿನ ನಾಲ್ಕು ಜನ ಕೂಡಿದ ಆ ಕಮಿಟಿಗೆ ಜೀವವಿದ್ದಿದ್ದರೆ ಇನ್ನೊಬ್ಬರನ್ನು ಹುಡುಕುತ್ತಿತ್ತು.

ಮಕ್ಕಳ ಮಟ್ಟದಲ್ಲಿ ಮಾತ್ರ ಈ ವ್ಯವಸ್ಥೆ ಬಹಳ ಜಾಣತನದ್ದು. ಆರೆಂಟು ಮಕ್ಕಳದೊಂದು ಪ್ಯಾಟ್ರೋಲ್, ಅದಕ್ಕೊಬ್ಬ ಲೀಡರ್. ಆ ಲೀಡರ್‌ಗಳು ಕೂಡುವ ಸಭೆಗೆ ಕೋರ್ಟ್ ಆಫ್ ಆನರ್ ಅನ್ನುತ್ತಾರೆ. ಬಾದಾಮಿಯ ಬನಶಂಕರಿ ಜಾತ್ರೆಗೆ ನಮ್ಮ ಹುಡುಗರನ್ನು ನೀರಿನ ಸೇವೆಗೆ ಒಯ್ದಿದ್ದೆ. ಒಬ್ಬ ಕೊಡ ಬಿಟ್ಟು ತೊಟ್ಟಿಲು ಆಡಲು ಓಡಿದ. ನಾನು ಬೈಯಬೇಕು ಅನ್ನುವಷ್ಟರಲ್ಲಿ ಲೀಡರ್‌ಗಳು ಹುಣಸೆಮರದ ಕೆಳಗೆ ಕೂತು ತೀರ್ಮಾನ ಮಾಡಿಬಿಟ್ಟಿದ್ದರು: ಮರುದಿನ ಎಲ್ಲರಿಗಿಂತ ಮೊದಲು ಎದ್ದು ಅವನೇ ನೀರು ತುಂಬಬೇಕು. ಹನ್ನೆರಡರ ಹುಡುಗರ ಪಂಚಾಯ್ತಿಕೆ! ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಕೊಡಗಳೆಲ್ಲ ತುಂಬಿದ್ದವು.

ನೀವು ಮಾಡಬೇಕಾದ್ದು ಇಷ್ಟು. ಹೆಡ್‌ಮಾಸ್ತರರ ಒಪ್ಪಿಗೆ ಪತ್ರ ಹಿಡಿದು ಸ್ಥಳೀಯ ಸಂಸ್ಥೆಯ ಕಾರ್ಯದರ್ಶಿಯನ್ನು ಕಾಣಿರಿ. ಅವರು ಯಾರೆಂದು ಬಿಇಒ ಕಚೇರಿಯಲ್ಲಿ ಹೇಳುತ್ತಾರೆ, ಇಲ್ಲವಾದರೆ ಬಾಗಲಕೋಟೆಯ ಜಿಲ್ಲಾ ಸಂಸ್ಥೆಗೆ ಹೋಗಿ. ಮುಂದಿನ ಬೇಸಿಕ್ ಕೋರ್ಸಿಗೆ ಹೆಸರು ಬರೆಸಿ. ಅದು ಏಳು ದಿನ ಅಲ್ಲೇ ಉಳಿದು ಮುಗಿಸುವ ಶಿಬಿರ, ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಮುಂದೆ ಅಡ್ವಾನ್ಸ್ಡ್ ಕೋರ್ಸ್, ಹಿಮಾಲಯ ವುಡ್ ಬ್ಯಾಡ್ಜ್ ಇವೆ. ಚರ್ಮದ ದಾರದಲ್ಲಿ ಎರಡು ಮರದ ಮಣಿ ಕಟ್ಟಿಕೊಂಡವರನ್ನು ಕಂಡಿರಬಹುದು, ಅದೇ. ಅವಸರ ಬೇಡ. ಗ್ರೂಪಿನ ನೋಂದಣಿ ವರ್ಷವರ್ಷ ನವೀಕರಿಸಬೇಕು, ತಪ್ಪಿದ್ದರೆ ಈಗಲೇ ಕಟ್ಟಿ. ಮಕ್ಕಳಿಂದ ಒಂದು ರೂಪಾಯಿ ತೆಗೆದುಕೊಂಡರೂ ರಸೀದಿ ಕೊಡಿ. ಒಬ್ಬರೇ ಬೇಡ, ಇನ್ನೊಬ್ಬ ತಾಯಿಯನ್ನು ಜೋಡಿ ಮಾಡಿಕೊಳ್ಳಿ, ನಿಮಗೆ ಜ್ವರ ಬಂದ ಶನಿವಾರವೂ ತರಗತಿ ನಡೆಯಬೇಕಲ್ಲ.

ಇದೆಲ್ಲಕ್ಕೂ ಮುಂಚೆ ವರ್ಗವಾಗಿ ಹೋದ ಅಕ್ಕೋರಿಗೊಂದು ಫೋನ್ ಹಚ್ಚಿರಿ. ನೋಂದಣಿ ಕಾಗದ, ಮಕ್ಕಳ ಪರೀಕ್ಷೆಯ ದಾಖಲೆ ಎಲ್ಲಿವೆ, ಟ್ರಂಕಿನ ಕೀಲಿ ಯಾರ ಹತ್ತಿರ ಇದೆ ಕೇಳಿ. ಬಹಳ ಸಲ ಅದು ಅಕ್ಕೋರ ಹಳೇ ವ್ಯಾನಿಟಿ ಬ್ಯಾಗಿನಲ್ಲೋ ಮಾಸ್ತರರ ಅಂಗಿ ಕಿಸೆಯಲ್ಲೋ ಅವರ ಜೊತೆಗೇ ವರ್ಗವಾಗಿ ಹೋಗಿರುತ್ತದೆ.