ಅರಸೀಕೆರೆ ಕಡೆ ಏರುಮಡಿ ಮಾಡುವ ಮೊದಲು ನೀರಿನ ಲೆಕ್ಕ ಹಾಕಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ಹೊಸ ಮನೆ, ಹಿತ್ತಲಲ್ಲಿ 20 ಅಡಿಗೆ 15 ಅಡಿ ಖಾಲಿ ಜಾಗ. ಅಲ್ಲಿ 10 ಅಡಿ ಉದ್ದ, 4 ಅಡಿ ಅಗಲ, ಎರಡಡಿ ಎತ್ತರದ ಆರು ಏರುಮಡಿ, ಅಂದರೆ ನೆಲದಿಂದ ಎತ್ತರಿಸಿದ ಪಾತಿ, ಮಾಡಿ ವರ್ಷಪೂರ್ತಿ ಮನೆಗಾಗುವಷ್ಟು ತರಕಾರಿ ಬೆಳೆಯಬೇಕು. ಬೋರ್‌ವೆಲ್ ಇದೆ, ಬೇಸಿಗೆಯಲ್ಲಿ ನೀರು ಕಡಿಮೆ. ಜೊತೆಗೆ, ಆನ್‌ಲೈನ್‌ನಲ್ಲಿ ಸಿಗುವ ತಗಡಿನ ಅಥವಾ ಬಟ್ಟೆಯ ಏರುಮಡಿ ಕಿಟ್ ತಗೊಳ್ಳಬಹುದಾ ಅಂತಲೂ ಕೇಳಿದ್ದೀರಿ.

ನಾನು ಕಡೂರಿನವನು. ನಿಮ್ಮದೂ ನಮ್ಮದೂ ಒಂದೇ ಬಯಲುಸೀಮೆ. ನೇರವಾಗಿ ಹೇಳಿಬಿಡುತ್ತೇನೆ: ಆರು ಮಡಿ ಬೇಡ, ಮೂರು ಸಾಕು. ಎರಡಡಿ ಎತ್ತರ ಬೇಡ, ಎಂಟು ಇಂಚು ಸಾಕು. ಬೇಸಿಗೆಯಲ್ಲಿ ಆ ಮೂರರಲ್ಲೂ ಒಂದನ್ನೋ ಎರಡನ್ನೋ ಮಾತ್ರ ನಡೆಸಿ, ಉಳಿದದ್ದಕ್ಕೆ ರಜೆ ಕೊಡಿ.

ಏರುಮಡಿ ಮಾಡುವುದೇ ಹೆಚ್ಚಿನ ನೀರು ಬಸಿದು ಹೋಗಲಿ ಅಂತ. ಸಕಲೇಶಪುರ, ಮೂಡಿಗೆರೆ ಕಡೆ ವರ್ಷಕ್ಕೆ 2000 ಮಿ.ಮೀ.ಗಿಂತ ಜಾಸ್ತಿ ಮಳೆ. ಅಲ್ಲಿ ಎರಡಡಿ ಎತ್ತರಿಸಿದರೆ ಬೇರು ಕೊಳೆಯದೆ ಉಳಿಯುತ್ತದೆ. ಕಡೂರು, ಅರಸೀಕೆರೆಯಲ್ಲಿ ಬೀಳುವುದು 600 ಮಿ.ಮೀ. ಆಸುಪಾಸು. ಸಕಲೇಶಪುರ, ಅರಸೀಕೆರೆ ಎರಡೂ ಹಾಸನ ಜಿಲ್ಲೆ; ಮೂಡಿಗೆರೆ, ಕಡೂರು ಎರಡೂ ಚಿಕ್ಕಮಗಳೂರು ಜಿಲ್ಲೆ. ಜಿಲ್ಲೆ ಒಂದೇ ಆದರೂ ಮಳೆ ಬೇರೆ, ಅಲ್ವಾ? ನಮ್ಮ ಕಡೆ ಎತ್ತರ ಜಾಸ್ತಿ ಆದಷ್ಟೂ ನಾಲ್ಕೂ ಬದಿಗೆ ಬಿಸಿಲು, ಗಾಳಿ ತಾಗಿ ಮಣ್ಣು ಬೇಗ ಒಣಗುತ್ತದೆ. ತಗಡಿನ ಬದಿ ಇದ್ದರಂತೂ ಅಂಚಿನ ಬೇರು ಬೆಂದೇ ಹೋಗುತ್ತದೆ.

ಹಾಗಾದರೆ ನೆಲದಲ್ಲೇ ಬೆಳೆಯಬಹುದಲ್ಲ ಅಂದರೆ, ಬೆಳೆಯಬಹುದು. ಆದರೆ ಹೊಸ ಮನೆಯ ಹಿತ್ತಲು ಅಂದಿರಿ. ಅಲ್ಲಿ ಜಲ್ಲಿ, ಸಿಮೆಂಟು, ಇಟ್ಟಿಗೆ ಚೂರು ಎಲ್ಲ ಸೇರಿ ಲಾರಿ ಓಡಾಡಿ ನೆಲ ಗಟ್ಟಿಯಾಗಿರುತ್ತದೆ. ಅದಕ್ಕೇ ಅರ್ಧ ಕೆಳಗೆ, ಅರ್ಧ ಮೇಲೆ ಅನ್ನುವ ದಾರಿ ಒಳ್ಳೆಯದು. ಒಂದಡಿ ಅಗೆದು ಕಸ ಆರಿಸಿ ತೆಗೆಯಿರಿ. ಅದರ ಮೇಲೆ ಎಂಟು ಇಂಚು ಏರಿಸಿ. ಬೇರಿಗೆ ಒಂದೂಮುಕ್ಕಾಲು ಅಡಿಯಷ್ಟು ಸಡಿಲ ಮಣ್ಣು ಸಿಕ್ಕ ಹಾಗಾಯಿತು. ಅದರಲ್ಲಿ ಹೆಚ್ಚಿನದು ನೆಲದ ಒಳಗೇ ತಂಪಾಗಿರುತ್ತದೆ. ಮಣ್ಣಿನ ಖರ್ಚೂ ಉಳಿಯುತ್ತದೆ. ನಿಮ್ಮ ಲೆಕ್ಕದ ಆರು ಮಡಿ ತುಂಬಲು 480 ಘನ ಅಡಿ ಮಣ್ಣು ಬೇಕು. ಈ ಮೂರು ಮಡಿಗೆ ಹೊರಗಿನಿಂದ ತರಬೇಕಾದದ್ದು 80 ಘನ ಅಡಿ.

ಈಗ ನೀರು. ಇದನ್ನು ಸ್ವಲ್ಪ ನಿಧಾನವಾಗಿ ನೋಡಿ, ಯಾಕೆಂದರೆ ಎಷ್ಟು ಮಡಿ ಅನ್ನುವುದನ್ನು ತೀರ್ಮಾನಿಸುವುದು ಜಾಗ ಅಲ್ಲ, ನೀರು. ಮಾರ್ಚ್, ಏಪ್ರಿಲ್‌ನಲ್ಲಿ ಗಿಡ ತುಂಬಿದ ಮಡಿಯಿಂದ ದಿನಕ್ಕೆ 5ರಿಂದ 6 ಮಿ.ಮೀ. ನೀರು ಆವಿಯಾಗಿ ಹೋಗುತ್ತದೆ. ಒಂದು ಚದರ ಮೀಟರಿನಲ್ಲಿ ಒಂದು ಮಿ.ಮೀ. ಅಂದರೆ ಒಂದು ಲೀಟರ್. ನಿಮ್ಮ ಒಂದು ಮಡಿ 40 ಚದರ ಅಡಿ, ಅಂದರೆ 3.7 ಚದರ ಮೀಟರ್. ಹಾಗಾಗಿ ಒಂದು ಮಡಿಗೆ ದಿನಕ್ಕೆ ಸುಮಾರು 20 ಲೀಟರ್ ಬೇಕು. ಆರು ಮಡಿಗೆ 120 ಲೀಟರ್. ಬೋರ್ ಕೈಕೊಡುವ ಏಪ್ರಿಲ್‌ನಲ್ಲಿ ದಿನಾ ಇಷ್ಟು ನೀರು ಬಿಡಲು ನಿಮ್ಮ ಮನೆಯವರು ಒಪ್ಪುತ್ತಾರಾ? ಮೊದಲು ಅದನ್ನು ಕೇಳಿಕೊಳ್ಳಿ. ಚಳಿಗಾಲದಲ್ಲಿ ಇದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಾಕಾಗುತ್ತದೆ. ಆಗ ಮೂರೂ ಮಡಿ ಆರಾಮಾಗಿ ನಡೆಯುತ್ತವೆ.

ತಾರಸಿ ನೀರು ಹಿಡಿಯುವ ವ್ಯವಸ್ಥೆ ಇನ್ನೂ ಮಾಡಿಲ್ಲದಿದ್ದರೆ ಮಡಿಗಿಂತ ಮೊದಲು ಅದನ್ನು ಮಾಡಿ. 1000 ಚದರ ಅಡಿ ತಾರಸಿಗೆ 600 ಮಿ.ಮೀ. ಮಳೆ ಬಿದ್ದರೆ, ಸೋರಿ ಹೋಗುವುದನ್ನು ಕಳೆದರೂ 45 ಸಾವಿರ ಲೀಟರ್ ಸಿಗುತ್ತದೆ. ಅಷ್ಟನ್ನೂ ಕೂಡಿಡಲು ಯಾರಿಗೂ ಆಗುವುದಿಲ್ಲ. ಆದರೆ ಮೇ ತಿಂಗಳ ಒಂದು ಜೋರು ಮಳೆಗೆ, 25 ಮಿ.ಮೀ. ಬಿದ್ದರೂ, ಎರಡು ಸಾವಿರ ಲೀಟರ್ ಹತ್ತಿರ ಬರುತ್ತದೆ. ಅಷ್ಟು ಹಿಡಿಯುವ ಒಂದು ಸಿಂಟೆಕ್ಸ್ ಟ್ಯಾಂಕು ತುಂಬಿಕೊಂಡರೆ ಎರಡು ಮಡಿಗೆ ತಿಂಗಳ ಮೇಲೆ ಬರುತ್ತದೆ.

ಮಳೆ ನೀರಿಗೆ ನಾನು ಇಷ್ಟು ಒತ್ತು ಕೊಡಲು ಇನ್ನೊಂದು ಕಾರಣ ಇದೆ. ನಮ್ಮ ಕಡೆ ಬೋರ್ ನೀರು ಗಡಸು. ದಿನಾ ಅದನ್ನೇ ಹಾಕುತ್ತಿದ್ದರೆ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಆಗಾಗ ಮಳೆ ನೀರು ಹರಿದರೆ ಆ ಉಪ್ಪು ಕೆಳಗೆ ಇಳಿದು ಹೋಗುತ್ತದೆ. ಫಿಲ್ಟರಿನ ವೇಸ್ಟ್ ನೀರು ಗಿಡಕ್ಕೆ ಬಿಡುತ್ತೇವೆ ಅಂತ ತುಂಬಾ ಜನ ಹೆಮ್ಮೆಯಿಂದ ಹೇಳುತ್ತಾರೆ. ಆರ್‌ಓ ಯಂತ್ರ ಹೊರಗೆ ಬಿಡುವ ನೀರಲ್ಲಿ ಉಪ್ಪು ಬೋರ್ ನೀರಿಗಿಂತಲೂ ಜಾಸ್ತಿ. ನೆಲ ಒರೆಸಲು ಬಳಸಿ, ಮಡಿಗೆ ಬೇಡ. ವಾಟರ್ ಸಾಫ್ಟ್‌ನರ್ ಹಾಕಿಸಿದ್ದರೆ ಅದರ ನೀರೂ ಬೇಡ, ಅದರಲ್ಲಿ ಸೋಡಿಯಂ ಇರುತ್ತದೆ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಧಾರಾಳವಾಗಿ ಹಾಕಿ.

ಜಾಗ ಹಂಚುವುದು ಸುಲಭ. ಮಡಿಯ ಉದ್ದ 15 ಅಡಿಯ ಬದಿಗೆ ಸಮನಾಗಿ ಇರಲಿ. ಮೂರು ಮಡಿಗೆ 12 ಅಡಿ, ನಾಲ್ಕು ದಾರಿಗೆ ಎರಡೆರಡು ಅಡಿ, ಒಟ್ಟು 20 ಸರಿಹೋಯಿತು. ಉದ್ದದಲ್ಲಿ ಇನ್ನೂ ಐದಡಿ ಉಳಿಯುತ್ತದೆ. ಅಲ್ಲಿ ಡ್ರಮ್ಮು, ಗೊಬ್ಬರದ ಗುಂಡಿ, ಒಂದು ಬಳ್ಳಿ ಚಪ್ಪರ. ಅಗಲ ನಾಲ್ಕಡಿಗಿಂತ ಜಾಸ್ತಿ ಮಾಡಬೇಡಿ. ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು, ಮಡಿಯ ಮೇಲೆ ಕಾಲಿಡುವ ಪ್ರಸಂಗ ಬರಬಾರದು. ಗೋಡೆಗೆ ಅಂಟಿಸಿ ಮಾಡುವುದಾದರೆ ಎರಡಡಿ ಮಾತ್ರ. ಇನ್ನೊಂದು ಮಾತು. ಅರಸೀಕೆರೆ ಅಂದಮೇಲೆ ಹಿತ್ತಲಲ್ಲಿ ತೆಂಗಿನ ಮರ ಇದ್ದೇ ಇರುತ್ತದೆ. ಬುಡದಿಂದ ಏಳಡಿಯೊಳಗೆ ಮಡಿ ಬೇಡ. ನೀವು ಹಾಕಿದ ನೀರು, ಗೊಬ್ಬರ ಎಲ್ಲ ತೆಂಗಿನ ಬೇರಿಗೇ ಹೋಗುತ್ತದೆ. ಮರ ಪಡುವಣ ಬದಿಗೆ ದೂರದಲ್ಲಿದ್ದರೆ ಮಾತ್ರ ಅದೃಷ್ಟ. ಮಧ್ಯಾಹ್ನದ ಮೇಲೆ ಪುಕ್ಕಟೆ ನೆರಳು.

ಬದಿ ಕಟ್ಟಲು ಮರ ಬೇಡ, ಗೆದ್ದಲು ಬಿಡುವುದಿಲ್ಲ. ಸೈಜುಗಲ್ಲು ಸಿಕ್ಕರೆ ಅದೇ ಒಳ್ಳೆಯದು. ಇಲ್ಲದಿದ್ದರೆ 16 ಇಂಚು ಉದ್ದ, 8 ಇಂಚು ಎತ್ತರದ ಸಿಮೆಂಟ್ ಬ್ಲಾಕು ಒಂದೇ ವರಸೆ ಇಡಿ. ಒಂದು ಮಡಿಗೆ 22 ಬ್ಲಾಕು ಆಗುತ್ತದೆ. ಗಾರೆ ಹಾಕಬೇಡಿ, ಮುಂದೆ ಜಾಗ ಬದಲಿಸಬೇಕು ಅನ್ನಿಸಿದರೆ ಎತ್ತಿಡಬಹುದು. ಇಲ್ಲಿಗೆ ಕಿಟ್ ಪ್ರಶ್ನೆಗೂ ಉತ್ತರ ಸಿಕ್ಕಿತು. ತಗಡಿನದಾದರೂ ಬಟ್ಟೆಯದಾದರೂ ನಮ್ಮ ಬಿಸಿಲಿಗೆ ಸುಮ್ನೆ ದುಡ್ಡು ದಂಡ. ಅದೇ ದುಡ್ಡಿಗೆ ಡ್ರಿಪ್ ಪೈಪು, ನೆರಳು ಬಲೆ ತನ್ನಿ.

ಒಳಗೆ ತುಂಬುವ ವಿಷಯದಲ್ಲಿ ನೀವು ಪುಣ್ಯವಂತರು. ಕಾಯಿ ಸುಲಿದ ಮಟ್ಟೆ ಊರಲ್ಲೆಲ್ಲ ಬಿದ್ದಿರುತ್ತದೆ. ಅಗೆದ ಗುಂಡಿಯ ತಳಕ್ಕೆ ಮಳೆಯಲ್ಲಿ ನೆನೆದ ಹಳೆಯ ಮಟ್ಟೆ ಹಾಸಿ. ಕುಳಿ ಇರುವ ಬದಿ ಮೇಲಕ್ಕೆ ಇರಲಿ, ಆಗ ನೀರು ಅದರಲ್ಲಿ ನಿಲ್ಲುತ್ತದೆ. ಹೊಸ ಮಟ್ಟೆ ಆದರೆ ಕೆಲವು ದಿನ ನೆನೆಸಿ, ಆ ಕೆಂಪು ನೀರು ಚೆಲ್ಲಿ ಆಮೇಲೆ ಹಾಕಿ. ಅದರ ಮೇಲೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೆರೆ ಗೋಡು (ಕೆರೆಯ ಹೂಳು ಮಣ್ಣು), ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮಡಿಗೆ ಎರಡು ಕೆಜಿ ಬೇವಿನ ಹಿಂಡಿ. ಹಸಿ ಗೊಬ್ಬರ ಹಾಕಿದರೆ ಗೊಣ್ಣೆ ಹುಳು, ಗೆದ್ದಲು ಎರಡೂ ಬರುತ್ತವೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮೂಟೆಗಟ್ಟಲೆ ತರಿಸಬೇಡಿ. ತಾರಸಿ ಮೇಲೆ ಭಾರ ಕಡಿಮೆ ಇರಲಿ ಅಂತ ಅದನ್ನು ಬಳಸುತ್ತಾರೆ. ನಿಮ್ಮ ಮಡಿ ಇರುವುದು ನೆಲದ ಮೇಲೆ. ಮಣ್ಣು, ನೀರು ಎರಡನ್ನೂ ಒಮ್ಮೆ ಪರೀಕ್ಷೆ ಮಾಡಿಸುವ ಮನಸ್ಸಿದ್ದರೆ ಹಾಸನದ ಹತ್ತಿರ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ವಿಚಾರಿಸಿ.

ಡ್ರಿಪ್‌ಗೆ 16 ಮಿ.ಮೀ. ಇನ್‌ಲೈನ್ ಪೈಪು, ಅಡಿಗೊಂದು ತೂತು ಇರುವುದು, ಮಡಿಗೆ ಮೂರು ಸಾಲು. ಗಂಟೆಗೆ ಎರಡು ಲೀಟರ್ ಬಿಡುವ ತೂತು 30 ಆಗುತ್ತವೆ. ಸರಿಯಾದ ಒತ್ತಡ ಇದ್ದರೆ 20 ನಿಮಿಷಕ್ಕೆ 20 ಲೀಟರ್, ಅಲ್ಲಿಗೆ ದಿನದ ಲೆಕ್ಕ ಮುಗಿಯಿತು. ಕಲ್ಲಿನ ಮೇಲಿಟ್ಟ ಡ್ರಮ್ಮಿನಿಂದ ಬಿಟ್ಟರೆ ಒತ್ತಡ ಸಾಲದು, ಹೊತ್ತು ಜಾಸ್ತಿ ಹಿಡಿಯುತ್ತದೆ. ಆಗ ನಿಮಿಷ ಎಣಿಸುವ ಬದಲು ಡ್ರಮ್ಮಿಗೆ ಅಳತೆಯ ಗೆರೆ ಎಳೆದುಕೊಂಡರೆ ಸಾಕು. ಗಡಸು ನೀರಿಗೆ ತೂತು ಕಟ್ಟಿಕೊಳ್ಳುತ್ತದೆ. ಆಗಾಗ ಪೈಪಿನ ತುದಿ ಬಿಚ್ಚಿ ನೀರು ಜೋರಾಗಿ ಬಿಡಿ. ಡ್ರಿಪ್ ಬೇಡ ಅನ್ನಿಸಿದರೆ ಸಂತೆಯಿಂದ ಮೆರುಗು ಹಾಕದ ಮಣ್ಣಿನ ಮಡಕೆ ತಂದು ಕುತ್ತಿಗೆವರೆಗೆ ಹೂತು, ನೀರು ತುಂಬಿ ಮುಚ್ಚಳ ಮುಚ್ಚಿ. ಅದು ನಿಧಾನವಾಗಿ ಬೆವರಿ ಸುತ್ತಲ ಬೇರಿಗೆ ಕೊಡುತ್ತದೆ. ಬದನೆ, ಮೆಣಸಿನಕಾಯಿಗೆ ಚೆನ್ನ. ಒತ್ತಾಗಿ ಚೆಲ್ಲಿದ ಸೊಪ್ಪಿಗೆ ಸಾಲದು.

ಮಡಿಯ ಮೇಲೆ ಬರಿ ಮಣ್ಣು ಕಾಣಬಾರದು. ಮೂರು ಇಂಚು ಹೊದಿಕೆ ಬೇಕು. ರಾಗಿ ಹುಲ್ಲು ಕೇಳಲು ಹೋಗಬೇಡಿ, ದನ ಇರುವ ಮನೆಯಲ್ಲಿ ಅದು ಚಿನ್ನ. ಹೊಂಗೆ ಎಲೆ, ಅವರೆ ಹೊಟ್ಟು, ಕಡಲೆಕಾಯಿ ಸಿಪ್ಪೆ, ತುಂಡು ಮಾಡಿದ ತೆಂಗಿನ ಗರಿ ಯಾವುದಾದರೂ ಆಗುತ್ತದೆ. ಪಡುವಣ ಬದಿಗೆ ಗೊಬ್ಬರದ ಗಿಡದ ಕಡ್ಡಿ ಸಾಲಾಗಿ ನೆಟ್ಟುಬಿಡಿ. ಗ್ಲಿರಿಸಿಡಿಯಾ ಅಂತಾರಲ್ಲ, ಅದೇ. ಕತ್ತರಿಸಿದಷ್ಟೂ ಚಿಗುರುತ್ತದೆ, ಎಲೆ ಮಡಿಗೆ ಹೊದಿಕೆ. ಮುಖ್ಯವಾಗಿ ಆಷಾಢದ ಗಾಳಿ ತಡೆಯುತ್ತದೆ. ಹೊರಗಿನವರಿಗೆ ಈ ಗಾಳಿ ಗೊತ್ತಿರುವುದಿಲ್ಲ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಆಕಾಶದ ತುಂಬ ಮೋಡ ಓಡುತ್ತಿರುತ್ತದೆ, ಹನಿ ಮಾತ್ರ ಇಲ್ಲ. ಮಲೆನಾಡಲ್ಲಿ ಸುರಿದು ಖಾಲಿಯಾದ ಗಾಳಿ ನಮ್ಮಲ್ಲಿಗೆ ಬರಿ ಗಾಳಿಯಾಗಿ ಬರುತ್ತದೆ. ಮೋಡ ಇದೆಯಲ್ಲ ಅಂತ ನೀರು ನಿಲ್ಲಿಸಿದರೆ ಮಡಿ ಎರಡೇ ದಿನಕ್ಕೆ ಒಣಗುತ್ತದೆ.

ಶಿವರಾತ್ರಿ ಕಳೆಯುತ್ತಿದ್ದ ಹಾಗೆ 50 ಪರ್ಸೆಂಟ್ ನೆರಳು ಬಲೆ ಕಟ್ಟಿ. ಏಳಡಿ ಎತ್ತರದಲ್ಲಿ, ಪಡುವಣಕ್ಕೆ ಸ್ವಲ್ಪ ಇಳಿಬಿಟ್ಟು. ಮುಂಗಾರು ಹಿಡಿದ ಮೇಲೆ ಬಿಚ್ಚಿಡಿ. ಮಳೆಗಾಲದಲ್ಲೂ ಹಾಗೇ ಬಿಟ್ಟರೆ ಗಿಡ ಸೊರಗಿ ಉದ್ದ ಬೆಳೆಯುತ್ತದೆ.

ಬೆಳೆ ಆರಿಸುವಾಗ ಬೇಸಿಗೆಯಲ್ಲಿ ಟೊಮೆಟೊ ಹಟ ಬೇಡ. ಹಗಲು 35 ಡಿಗ್ರಿ ದಾಟಿದರೆ ಹೂ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಎಷ್ಟು ನೀರು ಹಾಕಿದರೂ ಅಷ್ಟೇ. ಬೇಸಿಗೆಯ ಮಡಿಗೆ ಬೆಂಡೆ, ಗೋರಿಕಾಯಿ, ಅಲಸಂದೆ, ದಂಟು, ಬಸಳೆ ಹಾಕಿ. ಹೀರೆ, ಹಾಗಲ ಚಪ್ಪರಕ್ಕೆ. ಬೆಂಡೆಯಲ್ಲಿ ಅರ್ಕಾ ಅನಾಮಿಕಾ ತಳಿಯನ್ನು ಹಳದಿ ನಂಜು ರೋಗ ತಡೆಯಲೆಂದೇ ರೂಪಿಸಿದ್ದು. ದಂಟಿಗೆ ಅರ್ಕಾ ಸುಗುಣ ಚೆನ್ನ, ಕೊಯ್ದಷ್ಟೂ ಚಿಗುರುತ್ತದೆ. ಎರಡೂ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳು. ನಮ್ಮ ನಿಜವಾದ ತರಕಾರಿ ಕಾಲ ಶುರುವಾಗುವುದು ಹಸ್ತ, ಚಿತ್ತ ಮಳೆಗೆ. ಸೆಪ್ಟೆಂಬರ್ ಕೊನೆಯಿಂದ ಟೊಮೆಟೊ ಸಸಿ ನಾಟಿ ಮಾಡಿ. ರೋಗ ತಡೆಯುವ ಅರ್ಕಾ ರಕ್ಷಕ್ ಸಿಕ್ಕರೆ ಅದನ್ನೇ ಹಾಕಿ. ಮೂಲಂಗಿ, ಹುರುಳಿಕಾಯಿ, ಮೆಂತ್ಯ, ಕೊತ್ತಂಬರಿ, ನವಿಲುಕೋಸು ಎಲ್ಲ ಆಗಲೇ. ಫೆಬ್ರವರಿವರೆಗೆ ಕೊಯ್ಯಬಹುದು. ಅವರೆಯನ್ನು ಮಡಿಯಲ್ಲಿ ಹಾಕಬೇಡಿ, ಬೇಲಿಗೆ ಹಬ್ಬಿಸಿ. ಹಾಸನ ಜಿಲ್ಲೆ ಅಂದಮೇಲೆ ಆಲೂಗಡ್ಡೆ ಬೇಡವಾ ಅಂತ ಕೇಳಬಹುದು. ಇಷ್ಟು ಚಿಕ್ಕ ಜಾಗಕ್ಕೆ ಅದು ಲೆಕ್ಕಕ್ಕೆ ಸಿಗುವ ಬೆಳೆ ಅಲ್ಲ. ಈರುಳ್ಳಿ, ಆಲೂಗಡ್ಡೆ ಸಂತೆಯಿಂದಲೇ ಬರಲಿ. 120 ಚದರ ಅಡಿಯಲ್ಲಿ ಸೊಪ್ಪು, ಮೆಣಸಿನಕಾಯಿ, ಬದನೆ, ಬೆಂಡೆ ಮನೆಗೆ ಸಾಕಾಗುವಷ್ಟು ಬರುತ್ತದೆ. ವರ್ಷಪೂರ್ತಿ ಪೂರಾ ತರಕಾರಿ ಬರುವುದಿಲ್ಲ.

ರಜೆ ಕೊಟ್ಟ ಮಡಿಯನ್ನು ಬರಿದಾಗಿ ಬಿಡಬೇಡಿ. ಹೊದಿಕೆ ದಪ್ಪಗೆ ಹಾಕಿಡಿ. ಮೊದಲ ಮಳೆ ಬಿದ್ದಾಗ ಹುರುಳಿಯೋ ಅಲಸಂದೆಯೋ ಚೆಲ್ಲಿ, ಹೂ ಬಿಡುವ ಹೊತ್ತಿಗೆ ಕತ್ತರಿಸಿ ಅಲ್ಲೇ ಹಾಸಿ.

ನವಿಲಿನ ಕಾಟ ನಿಮ್ಮಲ್ಲೂ ಇದ್ದೇ ಇರುತ್ತದೆ. ಮೊಳಕೆಯನ್ನೂ ಟೊಮೆಟೊವನ್ನೂ ಬಿಡುವುದಿಲ್ಲ. ನೆರಳು ಬಲೆ ಬಿಚ್ಚಿದ ಮೇಲೆ ಅದನ್ನೇ ಮಡಿಯ ಸುತ್ತ ನಾಲ್ಕಡಿ ಎತ್ತರಕ್ಕೆ ಕಟ್ಟಿ, ಮೇಲೆ ಒಂದೆರಡು ದಾರ ಅಡ್ಡಡ್ಡ ಎಳೆಯಿರಿ. ಒಳಗೆ ಇಳಿಯಲು ಜಾಗ ಕಾಣದಿದ್ದರೆ ನವಿಲು ಬೇರೆ ಕಡೆ ಹೋಗುತ್ತದೆ. ಕೋತಿಗೆ ಇದು ನಡೆಯುವುದಿಲ್ಲ. ಕೋತಿ ಬರುವ ಊರಾದರೆ ಹಾಗಲ, ಮೆಣಸಿನಕಾಯಿ ಜಾಸ್ತಿ ಹಾಕಿ. ನಮ್ಮ ಕಡೆ ಅವೆರಡನ್ನು ಅಷ್ಟಾಗಿ ಮುಟ್ಟುವುದಿಲ್ಲ.